ಹೀಟರ್ ಹಾಕಿದರೂ ತಣ್ಣನೆ ಗಾಳಿಯೇ? ಬಾನೆಟ್ ಎತ್ತಿ, ಗ್ಯಾಸ್ ತುಂಬಿಸಬೇಡಿ

ಬೀದರ್‌ನಲ್ಲಿ ಡಿಸೆಂಬರ್ ಚಳಿ ಶುರುವಾದಾಗಲೇ ಕಾರಿನಲ್ಲಿ ಹೀಟರ್ ಇದೆ ಅನ್ನೋದು ಎಷ್ಟೋ ಜನರಿಗೆ ನೆನಪಾಗುತ್ತದೆ. ಗುಂಡಿ ತಿರುಗಿಸಿದರೆ ತಣ್ಣನೆ ಗಾಳಿ. ಆಗ ಕೆಲವರು ಸೀದಾ ಎಸಿ ಅಂಗಡಿಗೆ ಹೋಗಿ ಗ್ಯಾಸ್ ತುಂಬಿಸಿಕೊಂಡು ಬರುತ್ತಾರೆ. ದುಡ್ಡು ದಂಡ. ಪೆಟ್ರೋಲ್, ಡೀಸೆಲ್ ಕಾರಿನ ಹೀಟರ್‌ಗೂ ಎಸಿ ಗ್ಯಾಸ್‌ಗೂ ಸಂಬಂಧವೇ ಇಲ್ಲ. ಎಂಜಿನ್‌ನ ಬಿಸಿ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರ್‌ನಲ್ಲಿ ಹರಿಯುತ್ತದೆ. ಫ್ಯಾನ್ ಅದರ ಮೇಲೆ ಗಾಳಿ ಊದುತ್ತದೆ. ಅಷ್ಟೇ. ಈ ಪುಟ್ಟ ರೇಡಿಯೇಟರ್‌ಗೆ ಹೀಟರ್ ಕೋರ್ ಎನ್ನುತ್ತಾರೆ.

ಮೊದಲು ಕೂಲಂಟ್ ಮಟ್ಟ ನೋಡಿ, ಕಡಿಮೆಯಿದ್ದರೆ ತುಂಬಿ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇದ್ದಾಗ ಕೂಲಂಟ್ ತುಂಬುವ ಮುಚ್ಚಳ ತಿರುಗಿಸಿದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.

ಆಮೇಲೆ ಟೆಂಪರೇಚರ್ ಮುಳ್ಳು. ಕಾಲು ಗಂಟೆ ಗಾಡಿ ಓಡಿಸಿ. ಮುಳ್ಳು ಮೇಲೇಳುತ್ತಲೇ ಇಲ್ಲ, ಅಥವಾ ಹೈವೇ ಹತ್ತಿದ ಕೂಡಲೇ ಕೆಳಗಿಳಿಯುತ್ತದೆ ಅಂದರೆ ಥರ್ಮೋಸ್ಟಾಟ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ. ಇಲ್ಲವೇ ವಾಲ್ವ್ ಇಲ್ಲವೇ ಇಲ್ಲ! ಕಲಬುರಗಿ ಬಿಸಿಲಲ್ಲಿ ಗಾಡಿ ಕಾದರೆ ಮೇಸ್ತ್ರಿ ಹೇಳುವ ಮೊದಲ ಮಾತು, "ಇದು ನಮ್ ಕಡಿ ಬ್ಯಾಡ್ರಿ, ತಗದ್ ಒಗಿರಿ". ಮೇ ತಿಂಗಳಲ್ಲಿ ತೆಗೆದ ವಾಲ್ವ್ ಡಿಸೆಂಬರ್‌ನಲ್ಲಿ ಯಾರಿಗೆ ನೆನಪಿರುತ್ತದೆ? ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಆಗುವ ತನಕ ಈ ವಾಲ್ವ್ ಕೂಲಂಟನ್ನು ಮುಂದಿನ ದೊಡ್ಡ ರೇಡಿಯೇಟರ್‌ಗೆ ಬಿಡುವುದಿಲ್ಲ. ಅದಿಲ್ಲದಿದ್ದರೆ ಎಂಜಿನ್ ಕಾಯುವುದಕ್ಕೇ ಹೊತ್ತು ಹಿಡಿಯುತ್ತದೆ, ಪೆಟ್ರೋಲ್, ಡೀಸೆಲ್ಲೂ ಜಾಸ್ತಿ ಕುಡಿಯುತ್ತದೆ. ಹೊಸ ವಾಲ್ವ್ ಹಾಕಿಸಿ. ಬೇಸಿಗೆಯಲ್ಲಿ ಗಾಡಿ ಕಾದರೆ ರೇಡಿಯೇಟರ್, ಫ್ಯಾನ್, ವಾಟರ್ ಪಂಪ್ ನೋಡಿಸಿ. ವಾಲ್ವ್ ಕೀಳಿಸುವುದು ರಿಪೇರಿಯೇ ಅಲ್ಲ.

ಮುಳ್ಳು ಸರಿಯಿದ್ದರೆ, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯೊಳಗೆ ಹೋಗುವ ಎರಡು ರಬ್ಬರ್ ಪೈಪ್‌ಗಳನ್ನು ಹುಡುಕಿ. ಬೆರಳ ತುದಿ ಸೋಕಿಸಿ ನೋಡಿ, ಗಟ್ಟಿಯಾಗಿ ಹಿಡಿಯಬೇಡಿ. ಎರಡೂ ಬಿಸಿ ಇದ್ದರೆ ನೀರಿನ ಕಡೆ ತಪ್ಪಿಲ್ಲ. ಗಾಳಿಯನ್ನು ಕೋರ್ ಕಡೆ ತಿರುಗಿಸುವ ಫ್ಲ್ಯಾಪ್, ಅದರ ಕೇಬಲ್ ಅಥವಾ ಸಣ್ಣ ಮೋಟಾರ್ ಕೈಕೊಟ್ಟಿದೆ. ಒಂದು ಬಿಸಿ, ಒಂದು ತಣ್ಣಗಿದ್ದರೆ ಕೋರ್ ಕಟ್ಟಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಕೆಲವು ಗಾಡಿಗಳಲ್ಲಿ ಈ ಪೈಪಿಗೇ ಒಂದು ಹೀಟರ್ ವಾಲ್ವ್ ಇರುತ್ತದೆ, ಅದು ತೆರೆಯುತ್ತಿದೆಯೇ ಅಂತಲೂ ನೋಡಿ.

ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಿಸಿ ಗಾಳಿ, ಸಿಗ್ನಲ್‌ನಲ್ಲಿ ನಿಂತರೆ ಮತ್ತೆ ತಣ್ಣಗೆ. ಕೂಲಂಟ್ ಮಟ್ಟ ಸರಿಯಿದ್ದೂ ಹೀಗಾದರೆ ಒಳಗೆ ಗಾಳಿ ಇದೆ ಅಂತಲೇ ಲೆಕ್ಕ. ಅದನ್ನು ಹೊರಗೆ ಹಾಕುವಾಗಲೇ ಬಹಳ ಜನ ಅವಸರ ಮಾಡುತ್ತಾರೆ.

ತಣ್ಣಗಿರುವ ಗಾಡಿಯ ಮೂತಿ ಮೇಲಾಗುವಂತೆ ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಗಾಲಿಗೆ ಕಲ್ಲು ಕೊಡಿ. ಮುಚ್ಚಳ ತೆಗೆಯಿರಿ. ಹೀಟರ್ ಗುಂಡಿ ಪೂರ್ತಿ ಕೆಂಪಿನ ಕಡೆ ಇರಲಿ, ಫ್ಯಾನ್ ನಿಧಾನಕ್ಕಿರಲಿ. ಥರ್ಮೋಸ್ಟಾಟ್ ಹತ್ತಿರ ಅಥವಾ ಹೀಟರ್ ಪೈಪ್ ಮೇಲೆ ಗಾಳಿ ಬಿಡುವ ಸ್ಕ್ರೂ ಇದ್ದರೆ ಸ್ವಲ್ಪ ಸಡಿಲಿಸಿ. ಪ್ಲಾಸ್ಟಿಕ್‌ನದಾದರೆ ಹುಷಾರು, ಹಳೆಯದು ಪಟ್ ಅಂತ ಮುರಿಯುತ್ತದೆ. ಕೂಲಂಟ್ ಸಣ್ಣ ಧಾರೆಯಲ್ಲಿ ಸುರಿಯಿರಿ. ಸ್ಕ್ರೂ ಬಾಯಲ್ಲಿ ಮೊದಲು ಬುರುಬುರು ನೊರೆ, ಆಮೇಲೆ ಗುಳ್ಳೆಯಿಲ್ಲದ ಧಾರೆ ಬರುತ್ತದೆ. ಆಗ ಬಿಗಿ ಮಾಡಿ.

ಈಗ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ರೇಡಿಯೇಟರ್‌ನ ಮೇಲಿನ ಪೈಪನ್ನು ಹಗುರಕ್ಕೆ ಹಿಚುಕುತ್ತಿರಿ. ಗುಳ್ಳೆ ಏಳುತ್ತವೆ, ಮಟ್ಟ ಇಳಿಯುತ್ತದೆ, ಮತ್ತೆ ಸುರಿಯಿರಿ. ಶಲ್ಯ, ಓಢಣಿ ತಿರುಗುವ ಎಂಜಿನ್ ಬೆಲ್ಟಿನ ಹತ್ತಿರ ಸುಳಿಯಬಾರದು. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ಶುರುವಾಗುತ್ತದೆ. ಪೈಪ್ ಬೆಚ್ಚಗಾಗಿ ಗುಳ್ಳೆ ನಿಂತಮೇಲೆ, ಕುದಿ ಬರುವ ಮೊದಲೇ ಮುಚ್ಚಳ ಹಾಕಿ. ಫ್ಯಾನ್ ಒಮ್ಮೆ ಓಡಿ ನಿಲ್ಲಲಿ. ಬಹಳ ಜನ ಇಲ್ಲಿಗೇ ಕೈತೊಳೆದುಬಿಡುತ್ತಾರೆ. ಮರುದಿನ ಬೆಳಿಗ್ಗೆ ಮಟ್ಟ ಮತ್ತೆ ಇಳಿದಿರುತ್ತದೆ. ಆಗ ತುಂಬಿದರೇ ಕೆಲಸ ಮುಗಿದ ಹಾಗೆ.

ಕೋರ್ ಕಟ್ಟಿದ್ದರೆ ಎರಡೂ ಪೈಪ್ ಕಳಚಿ, ನೀರು ಹೊರಬರುವ ಕಡೆಯಿಂದ ಸಣ್ಣ ಒತ್ತಡದಲ್ಲಿ ನೀರು ಬಿಡಿ. ಕೆಂಪು ರಾಡಿ ಬರುತ್ತದೆ. ಬೋರಿನ ನೀರು ಸುರಿದು ಓಡಿಸಿದ ಗಾಡಿಯಲ್ಲಿ, ಹನಿ ನೀರಾವರಿ ಪೈಪಿನ ಹಾಗೆ, ಉಪ್ಪು ಕಟ್ಟಿರುತ್ತದೆ. ಲೀಕ್ ನಿಲ್ಲಿಸುವ ಪುಡಿಯನ್ನಂತೂ ಮುಟ್ಟಲೇಬೇಡಿ. ತೂತಿಗಿಂತ ಮೊದಲು ಅದು ಹೀಟರ್ ಕೋರನ್ನೇ ಮುಚ್ಚಿಬಿಡಬಹುದು. ಕೂಲಂಟ್‌ಗೆ ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ. ಬೆರೆಸಿಯೇ ಬಂದ ಡಬ್ಬಿಯಾದರೆ ಹಾಗೇ ಹಾಕಿ. ಬಣ್ಣ ನೋಡಿ ಕೊಳ್ಳಬೇಡಿ, ಗಾಡಿ ಪುಸ್ತಕದಲ್ಲಿ ಬರೆದದ್ದನ್ನೇ ಕೊಳ್ಳಿ. ಹಳೆಯದನ್ನು ತೆರೆದ ಬಕೆಟ್‌ನಲ್ಲಿ ಬಿಡಬೇಡಿ. ಸಿಹಿ ರುಚಿಗೆ ನಾಯಿ ನೆಕ್ಕುತ್ತದೆ, ಅದು ವಿಷ.

ಕ್ಯಾಬಿನ್‌ನಲ್ಲಿ ಸಿಹಿ ವಾಸನೆ, ಕಾಲಡಿ ಕಾರ್ಪೆಟ್ ಒದ್ದೆ ಇದ್ದರೆ ಕೋರ್ ಸೋರುತ್ತಿದೆ. ಎಷ್ಟೋ ಗಾಡಿಗಳಲ್ಲಿ ಇದಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಮನೆಯಲ್ಲಿ ಕೈಹಾಕಬೇಡಿ. ಎಷ್ಟು ತುಂಬಿದರೂ ಕೂಲಂಟ್ ಮಾಯವಾಗಿ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿರಬಹುದು. ಆಗ ಗಾಡಿ ಓಡಿಸಿಕೊಂಡು ಹೋಗದೆ, ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.