ಪ್ರಯಾಣಕ್ಕೊಂದು ಪುಟ್ಟ ಹಡಪ: ಕ್ಷೌರದ ಸಾಮಗ್ರಿಯನ್ನು ಕಟ್ಟಿಕೊಳ್ಳುವ ಬಗೆ

ಕ್ಷೌರಿಕರು ಕತ್ತಿ, ಕತ್ತರಿ, ಕನ್ನಡಿಗಳನ್ನು ತುಂಬಿಕೊಂಡು ಮನೆಯಿಂದ ಮನೆಗೆ ಒಯ್ಯುತ್ತಿದ್ದ ಚೀಲಕ್ಕೆ ಕನ್ನಡದಲ್ಲಿ ಹಡಪ ಎಂಬ ಚಂದದ ಹೆಸರಿದೆ. ಬ್ರಷ್ಷಿನಿಂದ ನೊರೆ ಎಬ್ಬಿಸಿ, ಎರಡಲಗಿನ ಬ್ಲೇಡ್ ಹಾಕಿದ ಸೇಫ್ಟಿ ರೇಜರ್‌ನಿಂದ ಗಡ್ಡ ತೆಗೆದುಕೊಳ್ಳುವ ರೂಢಿಯುಳ್ಳವರು ಪರವೂರಿಗೆ ಹೊರಟಾಗ ಅಂಥದೊಂದು ಹಡಪವನ್ನು ತಾವೇ ಕಟ್ಟಿಕೊಳ್ಳಬೇಕಾಗುತ್ತದೆ. ಅದು ತೊಡಕಿನ ಕೆಲಸವೆಂದು ಭಾವಿಸಿ, ಪ್ರಯಾಣದ ಮಟ್ಟಿಗೆ ಬಳಸಿ ಎಸೆಯುವ ಪ್ಲಾಸ್ಟಿಕ್ ರೇಜರ್‌ಗೆ ಒಗ್ಗಿಕೊಂಡು, ಉರಿಯುವ ಕೆನ್ನೆಯೊಂದಿಗೆ ಮನೆಗೆ ಮರಳುವವರು ಬಹಳ ಮಂದಿ. ವಾಸ್ತವದಲ್ಲಿ ಇಡೀ ಸಾಮಗ್ರಿ ಒಂದು ಕನ್ನಡಕದ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಚೀಲದಲ್ಲಿ ಹಿಡಿಸುತ್ತದೆ. ಅದನ್ನು ಕೆಡಿಸುವುದು ಹೆಚ್ಚಾಗಿ ತೇವ. ಆದ್ದರಿಂದ ಮುಂದೆ ಹೇಳುವ ಬಹುತೇಕ ಕ್ರಮಗಳು, ನೀರಿನಲ್ಲಿ ಬಳಸುವ ವಸ್ತುಗಳನ್ನು ಒಣಗಿಸಿ ಒಯ್ಯುವುದು ಹೇಗೆ ಎಂಬುದಕ್ಕೇ ಸಂಬಂಧಿಸಿವೆ.

ಸಿದ್ಧತೆ ಹೊರಡುವ ಹಿಂದಿನ ದಿನವೇ ಆರಂಭವಾಗಬೇಕು. ಬ್ರಷ್ ಬುಡದವರೆಗೆ ಒಣಗಲು ಸುಮಾರು ಒಂದು ಹಗಲು, ಒಂದು ರಾತ್ರಿ ಹಿಡಿಯುತ್ತದೆ. ಹಿಂದಿನ ದಿನ ಬೆಳಿಗ್ಗೆ ಅದನ್ನು ಕೊನೆಯ ಸಲ ಬಳಸಿ, ಸೋಪಿನ ಜಿಡ್ಡು ಉಳಿಯದಂತೆ ತೊಳೆದು, ಮೆಲ್ಲಗೆ ಹಿಂಡಿ, ನಾಲ್ಕಾರು ಸಲ ಕೊಡವಿ, ಒಣ ಬಟ್ಟೆಯ ಮೇಲೆ ಅತ್ತಿತ್ತ ಸವರಿ, ಗಾಳಿಯಾಡುವ ಕಿಟಕಿಯ ಬಳಿ ಇಡಬೇಕು. ಹೊರಡುವ ದಿನ ಗಡ್ಡ ತೆಗೆಯಲೇಬೇಕಾದರೆ ಬೆರಳಿನಿಂದಲೇ ಕ್ರೀಮ್ ಹಚ್ಚಿಕೊಳ್ಳುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಆಗುಂಬೆಗೆ ಹೋದಾಗ ನಾನು ಈ ಎಚ್ಚರ ವಹಿಸಿರಲಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರದು. ಒದ್ದೆ ಬ್ರಷ್ಷನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಐದನೆಯ ದಿನ ಹೊರತೆಗೆದಾಗ ಬುಡದಲ್ಲಿ ಬೂಸ್ಟು ಹಿಡಿದು ಮುಗ್ಗಲು ವಾಸನೆ ಬರುತ್ತಿತ್ತು. ಅನೇಕ ವರ್ಷ ಜತನದಿಂದ ಬಳಸಿದ, ಬ್ಯಾಡ್ಜರ್ ಪ್ರಾಣಿಯ ಕೂದಲಿನ ಆ ಬ್ರಷ್ ಮತ್ತೆ ಬಳಕೆಗೆ ಬರಲಿಲ್ಲ.

ಅಂದಿನಿಂದ ನಾನು ಪ್ರಯಾಣಕ್ಕೆಂದು ಕೃತಕ ಎಳೆಗಳ ಬ್ರಷ್ಷೊಂದನ್ನು ಬೇರೆಯಾಗಿ ಇಟ್ಟುಕೊಂಡಿದ್ದೇನೆ. ಬ್ಯಾಡ್ಜರ್ ಕೂದಲಾಗಲಿ ಹಂದಿಯ ಬಿರುಗೂದಲಾಗಲಿ ನೀರನ್ನು ಹೀರಿಕೊಳ್ಳುತ್ತವೆ. ಬಿರುಗೂದಲನ್ನಂತೂ ಬಳಸುವ ಮೊದಲು ಕೆಲವು ನಿಮಿಷ ನೆನೆಸಲೇಬೇಕು. ಕೃತಕ ಎಳೆ ನೀರನ್ನು ಹೀರದ ಕಾರಣ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ. ಬ್ರಷ್ ಇಡಲು ವಿಶೇಷ ಡಬ್ಬಿ ಕೊಳ್ಳಬೇಕಾಗಿಲ್ಲ. ಮಾತ್ರೆಗಳು ಮುಗಿದ ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿಯನ್ನು ತೊಳೆದು, ಮುಚ್ಚಳಕ್ಕೂ ಬುಡಕ್ಕೂ ಏಳೆಂಟು ರಂಧ್ರ ಕೊರೆದರೆ ಸಾಕು. ಬ್ರಷ್ಷನ್ನು ಇಳಿಸುವಾಗ ಎಳೆಗಳು ಬಾಟಲಿಯ ಅಂಚಿಗೆ ಸಿಕ್ಕಿ ಹಿಂದಕ್ಕೆ ಮಡಚಿಕೊಳ್ಳದಂತೆ ತೆಳುವಾದ ಕಾಗದವನ್ನು ಸುತ್ತಿ ಇಳಿಸಬೇಕು.

ಎರಡನೆಯ ಕೆಲಸ ರೇಜರ್‌ನದು. ಮೂರು ಭಾಗಗಳ ರೇಜರ್ ಪ್ರಯಾಣಕ್ಕೆ ಹೇಳಿಮಾಡಿಸಿದಂತಿದೆ. ಹಿಡಿ, ತಳದ ತಟ್ಟೆ, ಮೇಲಿನ ಮುಚ್ಚಳ ಎಂದು ಬಿಚ್ಚಿಟ್ಟರೆ ಅದು ಚಪ್ಪಟೆಯಾಗಿ ಕುಳಿತುಕೊಳ್ಳುತ್ತದೆ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ಸೇಫ್ಟಿ ರೇಜರ್ ಲೋಕಕ್ಕೆಲ್ಲ ಹರಡಿದ್ದರಲ್ಲಿಯೂ ಪ್ರಯಾಣದ ಪಾತ್ರ ದೊಡ್ಡದು: ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಚಿಕ್ಕ ಪೆಟ್ಟಿಗೆಯಲ್ಲಿ ಹಿಡಿಸುವ ರೇಜರ್‌ಗಳನ್ನು ಹಂಚಲಾಯಿತು, ಯುದ್ಧ ಮುಗಿಸಿ ಮರಳಿದವರು ಆ ಅಭ್ಯಾಸವನ್ನು ಮನೆಗೂ ತಂದರು. ಬಿಚ್ಚಿದ ಭಾಗಗಳ ತಿರುಪಿನ ಸಂದುಗಳಲ್ಲಿ ಸೋಪು ಗಟ್ಟಿಯಾಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಒಂದಕ್ಕೊಂದು ತಾಗದಂತೆ ಬಟ್ಟೆಯಲ್ಲಿ ಸುತ್ತಬೇಕು. ಸತುವಿನ ಮಿಶ್ರಲೋಹದ ಮೇಲೆ ಕ್ರೋಮಿಯಂ ಲೇಪಿಸಿದ ರೇಜರ್‌ಗಳಲ್ಲಿ ಲೇಪ ಒಂದು ಕಡೆ ಎದ್ದರೂ ಅಲ್ಲಿಂದಲೇ ಲೋಹ ಸವೆಯತೊಡಗುತ್ತದೆ. ಹಿಡಿಯ ತುದಿ ತಿರುಗಿಸಿದರೆ ಮೇಲಿನ ಎರಡು ರೆಕ್ಕೆಗಳು ತೆರೆದುಕೊಳ್ಳುವ ಬಗೆಯ ರೇಜರ್ ಆದರೆ ರೆಕ್ಕೆಗಳನ್ನು ಮುಚ್ಚಿಯೇ ಒಯ್ಯಬೇಕು, ಇಲ್ಲವಾದರೆ ಸಾಮಾನಿನ ಒತ್ತಡಕ್ಕೆ ಅವು ಬಾಗುತ್ತವೆ.

ಬ್ಲೇಡ್ ವಿಷಯದಲ್ಲಿ ವಿಮಾನದ ಪ್ರಯಾಣಿಕರು ವಿಶೇಷ ಗಮನ ಕೊಡಬೇಕು. ಬಿಡಿ ಬ್ಲೇಡ್‌ಗಳನ್ನು ಕೈಚೀಲದಲ್ಲಿ ವಿಮಾನದೊಳಗೆ ಒಯ್ಯುವಂತಿಲ್ಲ. ಚೆಕ್‌ಇನ್ ಮಾಡುವ ಪೆಟ್ಟಿಗೆಯಲ್ಲಿ ಇಡಬಹುದು. ಬ್ಲೇಡ್ ಇಲ್ಲದ ರೇಜರ್‌ಗೆ ಸಾಮಾನ್ಯವಾಗಿ ಅಡ್ಡಿಯಿಲ್ಲವಾದರೂ ಕೊನೆಯ ತೀರ್ಮಾನ ತಪಾಸಣೆ ಮಾಡುವ ಸಿಬ್ಬಂದಿಯದು. ನಿನ್ನೆ ಬಳಸಿದ ಬ್ಲೇಡ್ ರೇಜರ್‌ನೊಳಗೇ ಉಳಿದಿರುವುದು ಎಲ್ಲರಿಂದಲೂ ಆಗುವ ತಪ್ಪು, ಆದ್ದರಿಂದ ರೇಜರ್ ಬಿಚ್ಚಿಯೇ ಕಟ್ಟಬೇಕೆಂಬುದಕ್ಕೆ ಇದೂ ಒಂದು ಕಾರಣ. ಕೈಚೀಲ ಮಾತ್ರ ಒಯ್ಯುವವರು ಬ್ಲೇಡ್‌ಗಳನ್ನು ಮನೆಯಲ್ಲೇ ಬಿಟ್ಟು, ತಲುಪಿದ ಊರಿನಲ್ಲಿ ಕೊಳ್ಳುವುದು ಸರಿಯಾದ ದಾರಿ. ನಮ್ಮ ದೇಶದಲ್ಲಿ ಬೀದಿಬದಿಯ ಚಿಲ್ಲರೆ ಅಂಗಡಿಯಲ್ಲೂ ಅವು ಸಿಗುತ್ತವೆ. ವಿದೇಶದಲ್ಲಿ ಹುಡುಕಬೇಕಾಗಬಹುದಾದ್ದರಿಂದ, ಅಂಥ ಪ್ರಯಾಣದಲ್ಲಿ ಚೆಕ್‌ಇನ್ ಪೆಟ್ಟಿಗೆಯೇ ವಾಸಿ. ಒಂದು ಬ್ಲೇಡ್ ನಾಲ್ಕೈದು ಕ್ಷೌರಕ್ಕೆ ಬರುತ್ತದೆ ಎಂದುಕೊಂಡರೂ ಹತ್ತು ದಿನಗಳಿಗೆ ಮೂರು ಸಾಕು. ಬ್ಲೇಡ್‌ನ ದಪ್ಪ 0.1 ಮಿಲಿಮೀಟರ್ ಮಾತ್ರ, ಬರಿಯ ಕಾಗದದ ಹೊದಿಕೆಯಲ್ಲಿ ಬಿಟ್ಟರೆ ಅದು ಚೀಲವನ್ನೂ ಸೀಳೀತು, ಬೆರಳನ್ನೂ ಸೀಳೀತು; ಗಟ್ಟಿ ಡಬ್ಬಿಯಲ್ಲೇ ಇಡಬೇಕು. ಬಳಸಿದ ಬ್ಲೇಡ್‌ಗಳಿಗೆ ಇನ್ನೊಂದು ಪುಟ್ಟ ಡಬ್ಬಿ ಇರಲಿ, ಅವನ್ನು ಮನೆಗೆ ವಾಪಸು ತನ್ನಿ. ಹೋಟೆಲ್ ಕೋಣೆಯ ಕಸದ ಬುಟ್ಟಿಗೆ ಎಸೆದ ಬ್ಲೇಡ್ ಮರುದಿನ ಬೆಳಿಗ್ಗೆ ಆ ಬುಟ್ಟಿಗೆ ಬರಿಗೈ ಹಾಕುವವರನ್ನು ಗಾಯಗೊಳಿಸುತ್ತದೆ. ಇದು ನಾವು ಮಾಡಬಾರದ ಕೆಲಸ.

ಸೋಪಿನಲ್ಲಿ ಆಯ್ಕೆಗಳು ಹಲವು. ಟ್ಯೂಬಿನ ಕ್ರೀಮ್ ಅನುಕೂಲವೇನೋ ಹೌದು, ಆದರೆ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಕೈಚೀಲದಲ್ಲಿ ಒಯ್ಯುವ ದ್ರವ ಮತ್ತು ಕ್ರೀಮುಗಳ ಪ್ರತಿ ಡಬ್ಬಿಗೂ 100 ಮಿಲಿಲೀಟರಿನ ಮಿತಿಯಿದೆ. ಗಟ್ಟಿ ಸೋಪಿಗೆ ಆ ಮಿತಿ ಅನ್ವಯವಾಗುವುದಿಲ್ಲ. ನನಗೆ ಎಲ್ಲಕ್ಕಿಂತ ಮೆಚ್ಚಿಕೆಯಾದದ್ದು ಕಡ್ಡಿಯಾಕಾರದ ಸೋಪು. ಒದ್ದೆ ಮಾಡಿದ ಗಡ್ಡದ ಮೇಲೆ ಅದನ್ನು ನೇರವಾಗಿ ಉಜ್ಜಿ, ಬ್ರಷ್ಷಿನಿಂದ ಮುಖದ ಮೇಲೆಯೇ ನೊರೆ ಎಬ್ಬಿಸಬಹುದಾದ್ದರಿಂದ ಬಟ್ಟಲಿನ ಹೊರೆ ತಪ್ಪುತ್ತದೆ. ಅದು ಸಿಗದಿದ್ದರೆ ದುಂಡು ಕ್ಷೌರದ ಸೋಪನ್ನು ತುರಿದು, ಬೆರಳಿಗೆ ಒಂದು ಹನಿ ನೀರು ತಾಗಿಸಿಕೊಂಡು, ತುದಿ ತಿರುಗಿಸಿದರೆ ಮೇಲೇಳುವ ಖಾಲಿ ಡಿಯೋಡರೆಂಟ್ ಕೊಳವೆಯೊಳಗೆ ಒತ್ತಿ ತುಂಬಿ, ಎರಡು ದಿನ ಮುಚ್ಚಳ ತೆಗೆದು ಒಣಗಿಸಬಹುದು. ಅಡುಗೆಮನೆಯ ತುರಿಮಣೆಯನ್ನು ಇದಕ್ಕೆ ಬಳಸಬಾರದು. ಒಂದು ಕ್ಷೌರಕ್ಕೆ ಸುಮಾರು 1 ಗ್ರಾಂ ಸೋಪು ಬೇಕಾಗುವುದರಿಂದ ಕಡ್ಡಿ ದಪ್ಪವಿರಬೇಕಾಗಿಲ್ಲ.

ಹೋದ ಊರಿನ ನೀರು ಗಡಸಾಗಿದ್ದರೆ ಸೋಪು ಎಷ್ಟು ಒಳ್ಳೆಯದಾದರೂ ನೊರೆ ಬಾರದು. ಬೆಂಗಳೂರು, ಕೋಲಾರದ ಕಡೆಯ ಕೊಳವೆಬಾವಿಯ ನೀರು ಬಳಸಿದವರಿಗೆಲ್ಲ ಇದರ ಅನುಭವವಿದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಸೇರಿ ಕರಗದ ಜಿಡ್ಡಾಗುತ್ತವೆ. ಇದಕ್ಕೆ ಸುಲಭವಾದ ಪರಿಹಾರವಿದೆ: ಅರ್ಧ ಲೋಟ ಶುದ್ಧೀಕರಿಸಿದ ಕುಡಿಯುವ ನೀರನ್ನು ತೆಗೆದಿಟ್ಟುಕೊಂಡು ನೊರೆ ಎಬ್ಬಿಸಲು ಮಾತ್ರ ಅದನ್ನು ಬಳಸುವುದು, ಮುಖ ತೊಳೆಯಲು ನಲ್ಲಿಯ ನೀರೇ ಸಾಕು.

ಪಟಿಕವನ್ನು ಮರೆಯಬಾರದು. ಬ್ಲೇಡ್ ತಾಗಿ ರಕ್ತ ಜಿನುಗಿದರೆ ಒದ್ದೆ ಪಟಿಕವನ್ನು ಒತ್ತಿ ಹಿಡಿಯಬಹುದು, ಸುಗಂಧದ ಲೋಷನ್ನಿನ ಬದಲಿಗೂ ಬಳಸಬಹುದು. ಗಾಜಿನ ಬಾಟಲಿ ಒಡೆದು ಬಟ್ಟೆ ಹಾಳಾಗುವ ಭಯವೂ ಇರುವುದಿಲ್ಲ. ಆದರೆ ಒದ್ದೆಯಾದ ಪಟಿಕದ ನೀರು ಆಮ್ಲೀಯವಾಗಿದ್ದು ಲೋಹವನ್ನು ತಿನ್ನುತ್ತದೆ. ಆದ್ದರಿಂದ ಅದನ್ನು ಒರೆಸಿ, ಒಣಗಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ, ರೇಜರ್‌ನಿಂದ ದೂರ ಇಡಬೇಕು. ಲೋಷನ್ ಬೇಕೇ ಬೇಕೆನ್ನುವವರು ಅದನ್ನು ಮೆತ್ತನೆಯ ಪುಟ್ಟ ಪ್ಲಾಸ್ಟಿಕ್ ಬಾಟಲಿಗೆ ಬಗ್ಗಿಸಿ, ಸ್ವಲ್ಪ ಅಮುಕಿ ಗಾಳಿ ತೆಗೆದು ಮುಚ್ಚಳ ಬಿಗಿಯಲಿ. ವಿಮಾನದೊಳಗೆ ಗಾಳಿಯ ಒತ್ತಡ ತಗ್ಗಿದಾಗ ಬಾಟಲಿಯೊಳಗಿನ ಗಾಳಿ ಹಿಗ್ಗಿ ದ್ರವವನ್ನು ಹೊರದೂಡುವುದು ಇದರಿಂದ ತಪ್ಪುತ್ತದೆ.

ಇವೆಲ್ಲವನ್ನೂ ಹಾಕುವ ಚೀಲ ಬಟ್ಟೆಯದಾಗಿದ್ದರೆ ಮೇಲು, ರೆಕ್ಸಿನ್ ಚೀಲ ತೇವವನ್ನು ಒಳಗೇ ಹಿಡಿದಿಡುತ್ತದೆ. ಹಳೆಯ ಪ್ಯಾಂಟಿನ ದಪ್ಪ ಬಟ್ಟೆಯನ್ನು ದರ್ಜಿಗೆ ಕೊಟ್ಟು, ಸಾಲಾಗಿ ನಾಲ್ಕೈದು ಜೇಬುಗಳನ್ನಿಡಿಸಿ, ಸುರುಳಿ ಸುತ್ತಿ ಲಾಡಿಯಿಂದ ಕಟ್ಟುವಂತೆ ಹೊಲಿಸಿಕೊಂಡರೆ ಅದು ಬಹುಕಾಲ ಬಾಳಿಕೆ ಬರುತ್ತದೆ. ರೇಜರ್ ಮತ್ತು ಪಟಿಕ ಎರಡು ಕೊನೆಗಳಲ್ಲಿ, ಬ್ರಷ್ಷಿನ ಬಾಟಲಿ ನಡುವೆ ಇರಲಿ. ಸುತ್ತುವ ಮುನ್ನ ಮೇಲೊಂದು ತೆಳುವಾದ ಹತ್ತಿಯ ಚೌಕವನ್ನು ಮಡಚಿ ಹಾಸಿದರೆ ಅದೇ ಮೆತ್ತೆಯೂ ಆಗುತ್ತದೆ, ಮುಖ ಒರೆಸಿಕೊಳ್ಳಲೂ ಒದಗುತ್ತದೆ. ಸುರುಳಿಯನ್ನು ಪೆಟ್ಟಿಗೆಯ ತಳಕ್ಕೆ ತುರುಕದೆ ಎಲ್ಲಕ್ಕಿಂತ ಮೇಲೆ ಇಡಬೇಕು.

ರಾತ್ರಿಯ ರೈಲಿನಲ್ಲಿ ಹೋಗುವವರು ಬೋಗಿಯ ಕನ್ನಡಿಯೆದುರು ಅವಸರಪಡದೆ, ಇಳಿದ ಮೇಲೆ ಅಲುಗಾಡದ ನೆಲದಲ್ಲಿ ನಿಂತು ಕ್ಷೌರ ಮಾಡಿಕೊಳ್ಳಲಿ. ಕೋಣೆ ಸೇರಿದೊಡನೆ ಸುರುಳಿ ಬಿಚ್ಚಿ, ಬ್ರಷ್ಷನ್ನು ಬಾಟಲಿಯಿಂದ ತೆಗೆದು, ಸ್ನಾನದ ಮನೆಯ ಹಬೆಯಿಂದ ದೂರವಾಗಿ ಕಿಟಕಿಯ ದಂಡೆಯ ಮೇಲೆ ನಿಲ್ಲಿಸಬೇಕು. ಕೋಣೆ ಬಿಡುವ ದಿನ ಬೆಳಿಗ್ಗೆ ಬ್ರಷ್ ಬಳಸಲೇಬೇಕಾಗಿ ಬಂದರೆ ಅದನ್ನು ಬಾಟಲಿಗೆ ಹಾಕದೆ, ಒಣ ಚೌಕದಲ್ಲಿ ಸಡಿಲವಾಗಿ ಸುತ್ತಿ ಚೀಲದ ಹೊರಜೇಬಿನಲ್ಲಿಟ್ಟು, ಮನೆ ತಲುಪಿದ ಕೂಡಲೇ ಹೊರತೆಗೆಯಿರಿ.