ಕೋಳಿ ಕಾಲು ಹಿಡ್ಕೊಂಡು ಸ್ನಾಯು ಪಾಠ ಮಾಡಿದ ನನ್ನ ಅನುಭವ

ನಾನು ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ಮೂಳೆ-ಸ್ನಾಯು ಪಾಠ ಬಂತು ಅಂದ್ರೆ ಮೊದಲೆಲ್ಲ ಚಾರ್ಟ್ ನೇತಾಕಿ, ದೊಡ್ಡವರಿಗೆ 206 ಮೂಳೆ, ಎಲ್ಲಕ್ಕಿಂತ ಉದ್ದ ತೊಡೆ ಮೂಳೆ, ಎಲ್ಲಕ್ಕಿಂತ ಚಿಕ್ಕದು ಕಿವಿ ಒಳಗಿನ ಸ್ಟೇಪಿಸ್, ಸುಮಾರು 3 ಮಿ.ಮೀ. ಅಂತ ಬರೆಸಿ ಮುಗಿಸಿಬಿಡ್ತಿದ್ದೆ. ಮಾರ್ಕ್ಸೂ ಬರ್ತಿತ್ತು ಬಿಡಿ. ಒಂದಿನ ಒಬ್ಬ ಹುಡುಗ ಕಬಡ್ಡಿ ಆಡಿ ಕುಂಟ್ಕೊಂಡು ಬಂದು "ಸಾರ್, ಮೀನಖಂಡದ ನರ ಹಿಡ್ಕೊಂಡಿದೆ" ಅಂದ. ಅದು ನರ ಅಲ್ಲ ಕಣೋ, ಸ್ನಾಯು ಅಂದೆ, ಇಡೀ ಕ್ಲಾಸು ಪಿಳಿಪಿಳಿ ಅಂತ ನನ್ನೇ ನೋಡ್ತು. ಪಾಠ ಮುಗಿದು ಆಗ್ಲೇ ಒಂದು ವಾರ ಆಗಿತ್ತು.

ಮಾರನೇ ದಿನ ಚಿಕನ್ ಅಂಗಡೀಲಿ ನಾಲ್ಕು ಕೋಳಿ ಕಾಲು ಕೇಳ್ದೆ. "ಸೂಪಿಗಾ ಮೇಷ್ಟ್ರೇ?" ಅಂದ್ರು, ಇಲ್ಲಣ್ಣ ಪಾಠಕ್ಕೆ ಅಂದಿದ್ಕೆ ದುಡ್ಡೇ ತಗೊಳ್ಲಿಲ್ಲ. ಮನೇಲಿ ಮೊದ್ಲು ಟ್ರೈ ಮಾಡಿದ್ದು ಒಳ್ಳೇದಾಯ್ತು, ಯಾಕಂದ್ರೆ ಫಸ್ಟ್ ಕಾಲಲ್ಲಿ ಚರ್ಮ ಸೀಳೋಕೆ ಹೋಗಿ ಬ್ಲೇಡು ಒಳಗಿನ ಎಳೇನೇ ಕುಯ್ದುಬಿಡ್ತು. ಎರಡನೇದ್ರಲ್ಲಿ ಮೇಲಿಂದ ಒಂದಿಂಚು ಮೆಲ್ಲಗೆ ಸೀಳ್ದೆ, ಬೆಳ್ಳಗೆ ಹೊಳೆಯೋ ದಾರದ ಥರ ಎಳೆಗಳು ಸಿಕ್ವು, ಕೈಯಲ್ಲಿ ಹಿಡಿದ್ರೆ ಜಾರುತ್ತೆ, ಕಟಿಂಗ್ ಪ್ಲೇಯರೇ ಬೇಕು. ಹಿಂದಿನ ಎಳೆ ಎಳೆದ್ರೆ ಬೆರಳು ಮಡಚ್ಕೊಳ್ಳುತ್ತೆ, ಮುಂದಿನದು ಎಳೆದ್ರೆ ಬಿಚ್ಕೊಳ್ಳುತ್ತೆ. ಕ್ಲಾಸಲ್ಲಿ ಮಾಡಿದಾಗ ಮುಂದಿನ ಬೆಂಚಿನ ಹುಡುಗೀರು ಕಿರುಚಿ ಎದ್ದೇಬಿಟ್ರು, ಆಮೇಲೆ ಅವ್ರೇ ನಂಗೆ ಕೊಡಿ ನಂಗೆ ಕೊಡಿ ಅಂತ ಜಗಳ.

ಈ ಎಳೇನೇ ಟೆಂಡನ್, ಸ್ನಾಯೂನ ಮೂಳೆಗೆ ಕಟ್ಟೋ ಹಗ್ಗ. ಊರಲ್ಲಿ ಎಲ್ರೂ ಇದನ್ನೂ ನರ ಅಂತಾರೆ, ಆದ್ರೆ ನರ ಬರೀ ಸುದ್ದಿ ಮುಟ್ಟಿಸುತ್ತೆ, ಎಳೆಯೋ ಕೆಲಸ ಅದರದ್ದಲ್ಲ.

ಕೋಳಿ ಮುಟ್ಟದ ಮಕ್ಕಳೂ ಇದ್ರು, ಅವ್ರಿಗೆ ಬೆಂಚೇ ಸಾಕಾಯ್ತು. ಎಡಗೈ ಬೆಂಚಿನ ಕೆಳಗಿಟ್ಟು ಮೇಲಕ್ಕೆ ಒತ್ತಿ, ಬಲಗೈಲಿ ರಟ್ಟೆ ಮುಟ್ಟಿ ನೋಡಿ, ಮುಂದಿನ ಬೈಸೆಪ್ಸ್ ಕಲ್ಲಾಗಿರುತ್ತೆ. ಅದೇ ಕೈ ಬೆಂಚಿನ ಮೇಲಿಟ್ಟು ಕೆಳಕ್ಕೆ ಅದುಮಿ, ಈಗ ಹಿಂದಿನ ಟ್ರೈಸೆಪ್ಸ್ ಗಟ್ಟಿ. ಸ್ನಾಯುಗೆ ಎಳೆಯೋದೊಂದೇ ಗೊತ್ತು, ತಳ್ಳೋಕೆ ಬರಲ್ಲ, ಅದಕ್ಕೇ ಜೋಡಿ ಬೇಕು. ಇನ್ನೊಂದು, ಹೆಬ್ಬೆರಳು ಕಿರುಬೆರಳು ಸೇರಿಸಿ ಮಣಿಕಟ್ಟು ಸ್ವಲ್ಪ ಒಳಗೆ ಬಗ್ಗಿಸಿದ್ರೆ ನಡುವೆ ಒಂದು ಎಳೆ ಎದ್ದು ನಿಲ್ಲುತ್ತೆ, ಕೆಲವರಿಗೆ ಹುಟ್ಟಿಂದಲೇ ಇರಲ್ಲ. ನಮ್ಮಲ್ಲೊಬ್ಬನಿಗೆ ಇರ್ಲಿಲ್ಲ, ಮುಖ ಸಪ್ಪೆ ಮಾಡ್ಕೊಂಡ. ಏನೂ ತೊಂದ್ರೆ ಇಲ್ಲ ಕಣೋ, ಡಾಕ್ಟ್ರು ಬೇರೆ ಕಡೆ ಕಿತ್ತೋಗಿರೋ ಟೆಂಡನ್ ರಿಪೇರಿಗೆ ಇದನ್ನೇ ತೆಗೆದು ಹಾಕ್ತಾರೆ ಅಂದ್ಮೇಲೆ ಸಮಾಧಾನ ಆಯ್ತು.

ಅಷ್ಟೊತ್ತಿಗೆ ಆ ಕಬಡ್ಡಿ ಹುಡುಗ, "ಸಾರ್, ಸ್ನಾಯು ತಳ್ಳಲ್ಲ ಅಂದ್ರೆ ನಾಲಿಗೆ ಹೆಂಗೆ ಹೊರಗೆ ಬರುತ್ತೆ?" ಅಂದ. ನಿಜವಾಗ್ಲೂ ನಂಗೆ ಗೊತ್ತಿರ್ಲಿಲ್ಲ, ನಾಳೆ ಹೇಳ್ತೀನಿ ಕೂತ್ಕೊ ಅಂದೆ. ರಾತ್ರಿ ಓದಿ ನೋಡಿದ್ರೆ ಅದೂ ಎಳೆತಾನೇ, ಗದ್ದದ ಮೂಳೆ ಒಳಭಾಗದಿಂದ ಹೊರಟ ಒಂದು ಸ್ನಾಯು ನಾಲಿಗೆ ಬುಡಾನ ಮುಂದಕ್ಕೆ ಎಳೆಯುತ್ತೆ, ತುದಿ ಆಚೆ ಬರುತ್ತೆ. ಮಾರನೇ ದಿನ ಗದ್ದದ ಕೆಳಗೆ ಬೆರಳಿಟ್ಕೊಂಡು ನಾಲಿಗೆ ಚಾಚಿ ನೋಡ್ರೋ ಅಂದೆ, ನಲವತ್ತು ಮಕ್ಕಳು ಒಟ್ಟಿಗೆ ನಾಲಿಗೆ ಚಾಚಿದ್ರು, ಸರಿಯಾಗಿ ಅದೇ ಟೈಮಿಗೆ ಹೆಡ್ ಮಾಸ್ಟ್ರು ಬಾಗಿಲಲ್ಲಿ.