ಫ್ಯಾನ್ ತಿರುಗುತ್ತಿತ್ತು, ಗಾಳಿ ಎಳೆಯುತ್ತಿರಲಿಲ್ಲ: ದೇವಿಮನೆ ಘಟ್ಟದಲ್ಲಿ ಹೀಟ್ ಆಗುತ್ತಿದ್ದ ನನ್ನ ಕಾರು

ವಾರಕ್ಕೆ ಎರಡು ಸಲ ಕುಮಟಾದಿಂದ ಶಿರಸಿ ಕಡೆಗೆ ದೇವಿಮನೆ ಘಟ್ಟ ಹತ್ತುತ್ತೇನೆ. ಈಗ ಎ.ಸಿ. ಹಾಕಿಕೊಂಡೇ ಹತ್ತುತ್ತೇನೆ. ಒಂದು ವರ್ಷದ ಮೇಲಾಯಿತು, ಟೆಂಪರೇಚರ್ ಮುಳ್ಳು ಇದ್ದ ಜಾಗ ಬಿಟ್ಟು ಅಲ್ಲಾಡಿಲ್ಲ. ಇದೇ ಕಾರಿಗೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ, 28-30 ಸಾವಿರ ಇಟ್ಟುಕೊಳ್ಳಿ ಅಂತ ಮೂರು ಜನ ಹೇಳಿದ್ದರು. ಸರಿಯಾಗಿದ್ದು ಎರಡು ಮೀಟರ್ ವೈರು, ಎರಡು ಲಗ್ಗು (ವೈರಿನ ತುದಿಗೆ ಹಾಕಿ ಬೋಲ್ಟಿಗೆ ಬಿಗಿಯುವ ಉಂಗುರ) ಮತ್ತು ಒಂದು ತುಂಡು ಪಾಲಿಶ್ ಪೇಪರಿನಲ್ಲಿ. ಎಲ್ಲಾ ಸೇರಿ 170 ರೂಪಾಯಿ ಆಗಿರಬೇಕು. ತಪ್ಪು ಇದ್ದ ಜಾಗ ಹುಡುಕುವ ಮೊದಲು ಕೈಬಿಟ್ಟ ದುಡ್ಡು ಮಾತ್ರ ಬೇರೆ ಲೆಕ್ಕ. ಅದನ್ನೂ ಬರೆಯುತ್ತೇನೆ.

ನನ್ನ ಕೆಲಸ ಪಂಪ್‌ಸೆಟ್ ಮತ್ತು ಮನೆ ವೈರಿಂಗ್. ಕಾರು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಓಡಿದ್ದು ಒಂದು ಲಕ್ಷ ಹತ್ತು ಸಾವಿರ ಕಿಲೋಮೀಟರ್ ಸುಮಾರು. ಡಿಕ್ಕಿಯಲ್ಲಿ ಯಾವಾಗಲೂ ಒಂದು ಮೋಟರ್, ಕೇಬಲ್ ಸುರುಳಿ, ಟೂಲ್ ಪೆಟ್ಟಿಗೆ ಇರುತ್ತದೆ. ಅಂದರೆ ಲೋಡ್ ಹಾಕಿಕೊಂಡೇ ಘಟ್ಟ ಹತ್ತಬೇಕು.

ತೊಂದರೆ ಶುರುವಾಗಿದ್ದು 2024ರ ಫೆಬ್ರವರಿಯಲ್ಲಿ. ಹೆದ್ದಾರಿಯಲ್ಲಿ ಅಂಕೋಲಾ, ಕಾರವಾರ ಅಂತ ಎಷ್ಟು ಓಡಿಸಿದರೂ ಏನೂ ಇಲ್ಲ. ಕತಗಾಲ ದಾಟಿ ಘಟ್ಟ ಶುರುವಾಗಿ, ಮುಂದೆ ಒಂದು ಲಾರಿ ಸಿಕ್ಕಿ, ಎರಡನೇ ಗೇರಿಗೆ ಬಂದೆವೋ, ಮುಳ್ಳು ಮೇಲೇಳುತ್ತಿತ್ತು. ಮಾರ್ಚ್‌ನಲ್ಲಿ ಶಿರಸಿ ಮಾರಿಕಾಂಬಾ ಜಾತ್ರೆ. ಬಿಡಕಿ ಬಯಲಿನ ಹತ್ತಿರ ಗಾಡಿ ಸಾಲಿನಲ್ಲಿ ಅರ್ಧ ಗಂಟೆ ನಿಂತೆ. ಬಾನೆಟ್ ಸಂದಿಯಿಂದ ಹಬೆ ಬಂತು. ಹೆಂಡತಿ, ಇಬ್ಬರು ಮಕ್ಕಳು ಒಳಗಿದ್ದರು. ಆವತ್ತು ನಿಜವಾಗಿ ಹೆದರಿದೆ.

ಮೊದಲು ಥರ್ಮೋಸ್ಟಾಟ್ ಬದಲಿಸಿದೆ. ಇಂಜಿನ್ ಬಿಸಿಯಾದಾಗ ಬಾಯಿ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್ ಅದು. 850 ರೂಪಾಯಿ, ಮೇಲೆ ಕೂಲೆಂಟ್ 600. ಹಳೆಯದನ್ನು ಮನೆಗೆ ತಂದು ಪಾತ್ರೆಯಲ್ಲಿ ಹಾಕಿ ನೀರು ಕಾಯಿಸಿ ನೋಡಿದರೆ ಅದು ಚೆನ್ನಾಗಿಯೇ ಬಾಯಿ ತೆರೆಯಿತು. 85 ಡಿಗ್ರಿ ಸುಮಾರಿಗೆ ಶುರುವಾಗಿ ನೀರು ಕುದಿಯುವ ಮೊದಲೇ ಪೂರ್ತಿ ತೆರೆದಿತ್ತು. ಬದಲಿಸುವ ಮೊದಲೇ ಈ ಪರೀಕ್ಷೆ ಮಾಡಿದ್ದರೆ ಅಷ್ಟು ದುಡ್ಡು ಉಳಿಯುತ್ತಿತ್ತು. ಅದೇ ಕುದಿನೀರಿನಲ್ಲಿ ಟೆಂಪರೇಚರ್ ಸೆನ್ಸರನ್ನೂ ಮುಳುಗಿಸಿ ಓಮ್ಸ್ ನೋಡಿದೆ. ತಣ್ಣಗಿದ್ದಾಗ ಎರಡು ಸಾವಿರದ ಮೇಲೆ, ಕುದಿಯುವಾಗ 200ರ ಹತ್ತಿರ. ಸೆನ್ಸರ್ ಸರಿ ಇತ್ತು.

ಆಮೇಲೆ ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟನ್ನೇ ತೆಗೆದು ಎಸೆಯಿರಿ ಅಂದರು. ನಮ್ಮ ಕಡೆ ಇದು ಹಳೇ ಔಷಧ. ತೆಗೆದೆ. ಮುಳ್ಳು ಮೇಲೇಳುವುದು ಐದು ನಿಮಿಷ ತಡವಾಯಿತು, ಅಷ್ಟೇ. ಮೈಲೇಜ್ 16ರಿಂದ 13ಕ್ಕೆ ಬಿತ್ತು. ಹತ್ತು ದಿನಕ್ಕೆ ವಾಪಸ್ ಹಾಕಿದೆ. ಇದನ್ನು ಮಾತ್ರ ಯಾರೂ ಮಾಡಬೇಡಿ. ಇಂಜಿನ್ ತಣ್ಣಗೇ ಓಡಿದರೆ ಪೆಟ್ರೋಲು ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ.

ರೇಡಿಯೇಟರ್ ಕ್ಯಾಪ್ 250. ಉಪಯೋಗ ಆಗಲಿಲ್ಲ. ರೇಡಿಯೇಟರ್ ಇಳಿಸಿ ತೊಳೆಸಿದ್ದು 1,800. ಇದರಿಂದ ಸ್ವಲ್ಪ ಲಾಭ ಆಯಿತು ಅಂತ ಹೇಳಲೇಬೇಕು. ಎ.ಸಿ. ಕಂಡೆನ್ಸರಿಗೂ (ರೇಡಿಯೇಟರ್ ಮುಂದೆ ಕೂತು ಎ.ಸಿ.ಯ ಬಿಸಿ ಹೊರಹಾಕುವ ಜಾಲರಿ) ರೇಡಿಯೇಟರಿಗೂ ನಡುವೆ ಒಂದು ಬೆರಳು ಸಂದಿ ಇದೆಯಲ್ಲ, ಅಲ್ಲಿ ಕೆಂಪು ಧೂಳು, ಒಣಗಿದ ಎಲೆ, ಹುಳ ಎಲ್ಲಾ ಸೇರಿ ಕಂಬಳಿಯ ಹಾಗೆ ಹಾಸಿಕೊಂಡಿತ್ತು. ಘಟ್ಟದ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ದಿನಗಳ ಧೂಳು ಅದು. ಹೊರಗಿಂದ ನೋಡಿದರೆ ಎರಡೂ ಸ್ವಚ್ಛ. ಬಿಚ್ಚಿದರೆ ಮಾತ್ರ ಕಾಣುತ್ತದೆ. ತೊಳೆದ ಮೇಲೆ ಒಂದು ವಾರ ಗೆದ್ದೆ ಅಂದುಕೊಂಡೆ. ಆಮೇಲೆ ಒಂದು ದಿನ ಮಧ್ಯಾಹ್ನ ಘಟ್ಟದ ನಡುವೆ ಮತ್ತೆ ಅದೇ ಕಥೆ.

ರೇಡಿಯೇಟರ್ ಕೂರಿಸಿದ ಮೇಲೆ ಏರ್ ಲಾಕ್, ಅಂದರೆ ಕೂಲೆಂಟಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವುದು ದೊಡ್ಡ ಕಿರಿಕಿರಿ. ಹೀಟರ್ ಪೂರ್ತಿ ತಿರುಗಿಸಿ, ಮೂತಿ ಮೇಲಾಗಿ ನಿಲ್ಲಿಸಿ, ಗುಳ್ಳೆ ನಿಲ್ಲುವ ತನಕ ಕಾಯುವುದು ಎಲ್ಲರಿಗೂ ಗೊತ್ತು. ನಾನು ಅದನ್ನು ಹತ್ತೇ ನಿಮಿಷದಲ್ಲಿ ಮುಗಿಸುತ್ತೇನೆ. ಹೇಗೆ ಅನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಇಷ್ಟಾದ ಮೇಲೆ ಫ್ಯಾನ್ ಮೇಲೆ ಸಂಶಯ ಬಂತು. ಆದರೆ ಯಾರಿಗೆ ತೋರಿಸಿದರೂ ಒಂದೇ ಮಾತು. ‘ಫ್ಯಾನ್ ತಿರುಗ್ತಾ ಇದೆ ಅಲ್ವಾ?’ ಹೌದು, ತಿರುಗುತ್ತಿತ್ತು. ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದರೆ 13.6 ವೋಲ್ಟ್. ಅರ್ತ್ ವೈರಿಗೆ (ಫ್ಯಾನಿನ ಮೈನಸ್ಸನ್ನು ಕಾರಿನ ಬಾಡಿಗೆ ಜೋಡಿಸುವ ವೈರು) ಮೀಟರಿನ ಬೀಪ್ ಹಾಕಿ ನೋಡಿದರೆ, ದಾರಿ ತುಂಡಾಗಿಲ್ಲ ಅಂತ ಬೀಪ್ ಅನ್ನುತ್ತಿತ್ತು. ಹಾಗಾದರೆ ವೈರಿಂಗ್ ಸರಿ, ಮೋಟರೇ ಸೋತಿದೆ ಅಂತ 2,600 ಕೊಟ್ಟು ಹೊಸ ಫ್ಯಾನ್ ಮೋಟರ್ ಹಾಕಿಸಿದೆ. ಕನೆಕ್ಟರ್ ಹೊಂದಲಿಲ್ಲ ಅಂತ ಎಲೆಕ್ಟ್ರಿಷಿಯನ್ ವೈರ್ ಕತ್ತರಿಸಿ ಜೋಡಿಸಿ ಟೇಪ್ ಸುತ್ತಿದರು. ಮನೆಗೆ ಬರುವಷ್ಟರಲ್ಲಿ ಮೊದಲಿಗಿಂತ ಬೇಗ ಹೀಟ್ ಆಯಿತು!

ಎರಡು ದಿನ ತಲೆ ಓಡಲಿಲ್ಲ. ಒಂದು ಸಂಜೆ ಫ್ಯಾನ್ ಓಡುವಾಗ ಗ್ರಿಲ್ ಮುಂದೆ ಕೂತಿದ್ದೆ, ಮುಖಕ್ಕೆ ಬಿಸಿ ಗಾಳಿ ಬಡಿಯಿತು. ರೇಡಿಯೇಟರ್ ಹಿಂದಿರುವ ಫ್ಯಾನ್ ಮುಂದಿನಿಂದ ಗಾಳಿ ಎಳೆಯಬೇಕು. ಇದು ಊದುತ್ತಿತ್ತು. ಪ್ಲಸ್ ಮೈನಸ್ ಅದಲುಬದಲಾಗಿತ್ತು. ಡಿ.ಸಿ. ಮೋಟರ್ ತಾನೇ, ಉಲ್ಟಾ ಕೊಟ್ಟರೂ ಸಂತೋಷದಿಂದ ತಿರುಗುತ್ತದೆ. ವೈರ್ ಸರಿ ಮಾಡಿದೆ. ಆವತ್ತಿನಿಂದ ನನ್ನ ಮೊದಲ ಪರೀಕ್ಷೆ ಪೇಪರ್. ಫ್ಯಾನ್ ಓಡುವಾಗ ದಿನಪತ್ರಿಕೆಯ ಒಂದು ಹಾಳೆಯನ್ನು ಗ್ರಿಲ್ ಮುಂದೆ ಹಿಡಿದು ಕೈ ಬಿಡಬೇಕು. ಅಂಟಿಕೊಂಡು ನಿಂತರೆ ಫ್ಯಾನ್ ಗಟ್ಟಿ. ನನ್ನದು ಸರಿ ದಿಕ್ಕಿಗೆ ತಿರುಗಿದ ಮೇಲೂ ಹಾಳೆ ಸ್ವಲ್ಪ ಹೊತ್ತು ಆತು ಜಾರಿ ಬೀಳುತ್ತಿತ್ತು. ಹೊಸ ಮೋಟರಿಗೂ ಹಳೆಯದರಷ್ಟೇ ಶಕ್ತಿ. ಅಲ್ಲಿಗೆ ತಪ್ಪು ಮೋಟರಿನಲ್ಲಿ ಇರಲಿಲ್ಲ ಅಂತಾಯಿತು. ಆದರೆ ಆಗ ನನಗೆ ಹೊಳೆದಿದ್ದು ಡೂಪ್ಲಿಕೇಟ್ ಮಾಲು ಅಂತ.

ಹೆಡ್ ಗ್ಯಾಸ್ಕೆಟ್ ಮಾತು ಬಂದದ್ದು ಈ ಹಂತದಲ್ಲಿ. ನನಗೆ ಒಪ್ಪಿಗೆಯಾಗಲಿಲ್ಲ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ನೋಡಿದೆ, ಗುಳ್ಳೆ ಬರಲಿಲ್ಲ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಬಿಳಿ ಹೊಗೆ ಇಲ್ಲ. ಉಕ್ಕಿದ ದಿನ ಬಿಟ್ಟರೆ ಕೂಲೆಂಟ್ ಇಳಿಯುತ್ತಿರಲಿಲ್ಲ. ಗ್ಯಾಸ್ಕೆಟ್ ಹೋದ ಗಾಡಿ ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಹೀಗೆ ತಣ್ಣಗೆ ಓಡುತ್ತದಾ? ಇದನ್ನು ಕೇಳಿದರೆ ‘ಒಳಗೆ ಬಿಚ್ಚಿದರೆ ಗೊತ್ತಾಗ್ತದೆ’ ಅನ್ನುತ್ತಿದ್ದರು. ಬಿಚ್ಚುವ ಖರ್ಚು ನನ್ನದು.

ಆಗಲೇ 600 ರೂಪಾಯಿ ಕೊಟ್ಟು ಫೋನಿಗೆ ಜೋಡಿಸುವ ಒಬಿಡಿ ರೀಡರ್ ತರಿಸಿದೆ. ಕಾರಿನ ಕಂಪ್ಯೂಟರಿನಿಂದ ಇಂಜಿನ್ ಲೆಕ್ಕ ಓದಿ ತೋರಿಸುವ ಸಾಧನ ಅದು. ಡ್ಯಾಶ್‌ಬೋರ್ಡಿನ ಮುಳ್ಳು 80ರಿಂದ 100ರ ಮೇಲಿನವರೆಗೂ ನಡುವಿನಲ್ಲೇ ಕೂತಿರುತ್ತದೆ, ಅದು ಎದ್ದಾಗ ತಡವಾಗಿರುತ್ತದೆ. ರೀಡರ್ ನಿಜ ಹೇಳಿತು. ಕತಗಾಲದಲ್ಲಿ 88 ಡಿಗ್ರಿ, ದೇವಿಮನೆ ಹತ್ತಿರ ಬರುವಷ್ಟರಲ್ಲಿ 109. ಫ್ಯಾನ್ 97ಕ್ಕೆ ಶುರು. 92ಕ್ಕೆ ಇಳಿದು ನಿಲ್ಲಬೇಕಾದ್ದು ನಿಲ್ಲುತ್ತಲೇ ಇರಲಿಲ್ಲ. ಇನ್ನೊಂದು ಸುಳಿವು ತಿಂಗಳಿಂದ ಕಣ್ಣೆದುರೇ ಇತ್ತು. ನಿಂತಲ್ಲಿ ಎ.ಸಿ. ಬೆಚ್ಚಗಾಗುತ್ತಿತ್ತು, ಓಡಿದ ಕೂಡಲೇ ತಣ್ಣಗೆ. ಕಂಡೆನ್ಸರಿಗೂ ಅದೇ ಫ್ಯಾನ್ ತಾನೇ. ನಾನು ಎ.ಸಿ. ಗ್ಯಾಸ್ ಕಡಿಮೆಯಾಗಿದೆ ಅಂದುಕೊಂಡು ಸುಮ್ನೆ ಬಿಟ್ಟಿದ್ದೆ.

ಉತ್ತರ ಸಿಕ್ಕಿದ್ದು ರಾಗಿಹೊಸಳ್ಳಿ ಕಡೆಯ ಒಂದು ಅಡಿಕೆ ತೋಟದಲ್ಲಿ. ಪಂಪು ಗುಂಯ್ ಅನ್ನುತ್ತದೆ, ನೀರು ಎತ್ತುವುದಿಲ್ಲ ಅಂತ ಕರೆದಿದ್ದರು. ಬೋರ್ಡಿನಲ್ಲಿ 230 ವೋಲ್ಟ್. ಮೋಟರ್ ತುದಿಯಲ್ಲಿ ವೈರ್ ಬಿಚ್ಚಿ ನೋಡಿದರೂ 230. ಪಂಪ್ ಹಾಕಿ ನೋಡಿದೆ, ಮೋಟರ್ ತುದಿಯಲ್ಲಿ 160ಕ್ಕೆ ಕೂತುಹೋಯಿತು. ನಡುವೆ ಟೇಪ್ ಸುತ್ತಿದ ಒಂದು ಅಲ್ಯೂಮಿನಿಯಂ ಜಾಯಿಂಟ್ ಸುಟ್ಟು ಬೂದಿಯಾಗಿತ್ತು. ಇಂಥದ್ದನ್ನು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಕೆಲಸ ಮುಗಿಸಿ ಘಟ್ಟ ಇಳಿಯುವಾಗ ತಲೆಗೆ ಬಂತು: ಕಾರಿನ ಫ್ಯಾನಿಗೆ ನಾನು ಒಂದು ಸಲವೂ ಲೋಡ್ ಇದ್ದಾಗ ವೋಲ್ಟೇಜ್ ನೋಡಿಲ್ಲ.

ಮನೆಗೆ ಬಂದು ಊಟಕ್ಕೂ ಕೂರಲಿಲ್ಲ. ಕನೆಕ್ಟರ್ ಬಿಚ್ಚದೆ, ಹಿಂದಿನಿಂದ ಎರಡು ಗುಂಡುಸೂಜಿ ವೈರ್ ಪಕ್ಕದಲ್ಲಿ ತೂರಿಸಿ, ಎ.ಸಿ. ಹಾಕಿ ಫ್ಯಾನ್ ಓಡಿಸಿದೆ. ಬ್ಯಾಟರಿಯಲ್ಲಿ 13.7. ಫ್ಯಾನಿನಲ್ಲಿ 9.2. ನಾಲ್ಕೂವರೆ ವೋಲ್ಟ್ ದಾರಿಯಲ್ಲೇ ಕಳೆದುಹೋಗಿತ್ತು.

ಆಮೇಲೆ ಎರಡು ಭಾಗ ಮಾಡಿದೆ. ಬ್ಯಾಟರಿ ಪ್ಲಸ್‌ನಿಂದ ಫ್ಯಾನ್ ಪ್ಲಸ್‌ಗೆ 0.8. ಫ್ಯಾನ್ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ 3.7. ಕಳ್ಳ ಅರ್ತ್ ಕಡೆ ಇದ್ದಾನೆ. ಸೋಲಾರ್ ಕೆಲಸಕ್ಕೆ ಇಟ್ಟುಕೊಂಡಿದ್ದ ಡಿ.ಸಿ. ಕ್ಲಾಂಪ್ ಮೀಟರ್ ಹಾಕಿದರೆ 8 ಆಂಪ್ಸ್. ಆಮೇಲೆ ಸರಿಯಾದಾಗ ಅದೇ ಫ್ಯಾನ್ 12ರ ಮೇಲೆ ಎಳೆಯಿತು. ಲೆಕ್ಕ ಹಾಕಿದರೆ ಅರ್ತಿನಲ್ಲಿ ಇದ್ದ ತಡೆ ಅರ್ಧ ಓಮ್ ಕೂಡ ಅಲ್ಲ. ಅಷ್ಟಕ್ಕೆ ಮೀಟರ್ ಬೀಪ್ ಅನ್ನದೆ ಇರುತ್ತದಾ? ಬೀಪ್ ನಂಬಿಯೇ ನಾನು ಮೋಸಹೋಗಿದ್ದು.

ಎಡ ಹೆಡ್‌ಲೈಟಿನ ಕೆಳಗೆ ಕೈ ತೂರಿಸಿ ಅರ್ತ್ ಬೋಲ್ಟ್ ಮುಟ್ಟಿದೆ. ಬೆರಳು ಚುರ್ ಅಂದಿತು. ಸುಮಾರು 30 ವ್ಯಾಟ್ ಅಲ್ಲೇ ಉರಿಯುತ್ತಿತ್ತು, ಸಣ್ಣ ಬೆಸುಗೆ ಕಡ್ಡಿಯಷ್ಟು. ಬೋಲ್ಟ್ ಬಿಚ್ಚಿದೆ. ಲಗ್ಗಿನ ಅಡಿ ಬಾಡಿಯ ಬಣ್ಣವೇ ಇತ್ತು. ಹಿಂದಿನ ದೀಪಾವಳಿ ಹೊತ್ತಿಗೆ ಮುಂಭಾಗ ಗುದ್ದಿದ್ದಕ್ಕೆ ಟಿಂಕರಿಂಗ್ ಮಾಡಿಸಿದ್ದೆ. ಬಣ್ಣ ಹೊಡೆದು ಅದರ ಮೇಲೇ ಲಗ್ಗು ಕೂರಿಸಿದ್ದರು. ಬೋಲ್ಟಿನ ಎಳೆಗಳಿಂದ ಮಾತ್ರ ಕರೆಂಟ್ ಹಾಯುತ್ತಿತ್ತು. ನಮ್ಮ ಮನೆಯಿಂದ ಸಮುದ್ರಕ್ಕೆ ಅರ್ಧ ಕಿಲೋಮೀಟರ್. ಉಪ್ಪು ಗಾಳಿ ತನ್ನ ಕೆಲಸ ಮಾಡಿತ್ತು. ಲಗ್ಗು ಬಗ್ಗಿಸಿದರೆ ಹಸಿರು ಕಿಲುಬು ಪುಡಿಪುಡಿಯಾಗಿ ಅಂಗೈಗೆ ಉದುರಿತು. ವೈರಿನ ಸಿಪ್ಪೆ ಸುಲಿದೆ, ಎರಡು ಇಂಚು ಒಳಗಿನ ತನಕ ತಾಮ್ರ ಕಪ್ಪಾಗಿತ್ತು.

ರಿಪೇರಿಗೆ ಮೊದಲು ಪರೀಕ್ಷೆ. ಬೋಲ್ಟ್ ಮತ್ತೆ ಹಾಕಿ, ಬ್ಯಾಟರಿ ಮೈನಸ್‌ನಿಂದ ಒಂದು ದಪ್ಪ ವೈರನ್ನು ಫ್ಯಾನಿನ ಮೈನಸ್‌ಗೆ ತಾಗಿಸಿದೆ. ಫ್ಯಾನಿನ ದನಿಯೇ ಬದಲಾಯಿತು. ದಿನಪತ್ರಿಕೆ ಗ್ರಿಲ್ಲಿಗೆ ಪಟಕ್ಕನೆ ಅಂಟಿಕೊಂಡಿತು. ಮಗಳು ಎಳೆದು ಎಳೆದು ನೋಡಿದಳು. ಆ ಸಂತೋಷ ಬರೆದು ಹೇಳುವಂಥದ್ದಲ್ಲ.

ಮರುದಿನ ಕಿಲುಬು ಹಿಡಿದ ಭಾಗ ಕತ್ತರಿಸಿ, 6 ಸ್ಕ್ವೇರ್ ಎಂಎಂ ತಾಮ್ರದ ವೈರ್ ಜೋಡಿಸಿ, ಬಾಡಿಯನ್ನು ಹೊಳೆಯುವ ತನಕ ಉಜ್ಜಿ ಲಗ್ಗು ಬಿಗಿದೆ. ಅರ್ತ್ ಕಡೆ ನಷ್ಟ 0.1ಕ್ಕೆ ಇಳಿಯಿತು. ಪ್ಲಸ್ ಕಡೆಯ 0.8 ನಷ್ಟ, ಫ್ಯಾನ್ ಆನ್-ಆಫ್ ಮಾಡುವ ರಿಲೇಯ ಪಾಯಿಂಟ್ ಸುಟ್ಟಿದ್ದರಿಂದ. ರಿಲೇಯ 30 ಮತ್ತು 87 ಪಿನ್ (ಫ್ಯಾನಿನ ಕರೆಂಟ್ ಒಳಬಂದು ಹೊರಹೋಗುವ ಎರಡು ಪಿನ್) ನಡುವೆ ಮೀಟರ್ ಹಿಡಿದಾಗ ಗೊತ್ತಾಯಿತು. ಹೊಸ ರಿಲೇಗೆ ಬೇರೆ 180 ರೂಪಾಯಿ. ಈಗ ಫ್ಯಾನಿನಲ್ಲಿ 13ರ ಹತ್ತಿರ ಇದೆ. ಅದೇ ವಾರ ಲಾರಿ ಹಿಂದೆ, ಎ.ಸಿ. ಹಾಕಿ, ಮಧ್ಯಾಹ್ನ ಘಟ್ಟ ಹತ್ತಿದೆ. ಜಾಸ್ತಿ ಅಂದರೆ 98 ಮುಟ್ಟಿತು. ಫ್ಯಾನ್ ಬಂದು ಎರಡು ನಿಮಿಷದಲ್ಲಿ 92ಕ್ಕೆ ಇಳಿಸಿ ತಾನಾಗಿ ನಿಂತಿತು. ಗ್ಯಾಸ್ಕೆಟ್ ಅಂದವರಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹತ್ತಿದ್ದೆ.

ಒಂದು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಚಾವಿ ತೆಗೆದ ಮೇಲೂ ಫ್ಯಾನ್ ಶುರುವಾಗುತ್ತದೆ. ಕೈ ಹಾಕುವ ಮೊದಲು ಕನೆಕ್ಟರ್ ಕೀಳಿ. ಫ್ಯೂಸ್ ಇಲ್ಲದೆ ಫ್ಯಾನಿಗೆ ನೇರ ಪ್ಲಸ್ ಎಳೆಯಬೇಡಿ.

ಬೋಲ್ಟಿಗೆ ಏನು ಹಚ್ಚಬೇಕು ಅನ್ನುವುದಕ್ಕೆ ಆ ಮಳೆಗಾಲ ಒಂದು ಪ್ರಯೋಗ ಮಾಡಿದೆ. ಒಂದು ತಗಡಿನ ಮೇಲೆ ಐದು ಬೋಲ್ಟ್, ಐದು ಲಗ್ಗು. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಕೊಬ್ಬರಿ ಎಣ್ಣೆ, ಒಂದಕ್ಕೆ ಸಾದಾ ಗ್ರೀಸ್, ಒಂದಕ್ಕೆ ಪೆಟ್ರೋಲಿಯಂ ಜೆಲ್ಲಿ, ಐದನೆಯದಕ್ಕೆ ನಾನೇ ಕಲಸಿದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ತಾರಸಿ ಮೇಲೆ ಸಮುದ್ರದ ಗಾಳಿಗೆ ಇಟ್ಟೆ. ಕೊಬ್ಬರಿ ಎಣ್ಣೆಯದ್ದು ಏನೂ ಹಚ್ಚದ್ದಕ್ಕಿಂತ ಮೊದಲೇ ಹಸಿರಾಯಿತು. ಗ್ರೀಸ್ ಪರವಾಗಿಲ್ಲ. ಜೆಲ್ಲಿ ಚೆನ್ನಾಗಿತ್ತು. ಐದನೆಯದು ಹೊಸದರ ಹಾಗೇ ಇತ್ತು. ಅದರಲ್ಲಿ ಏನಿದೆ ಅಂತ ಸದ್ಯಕ್ಕೆ ಹೇಳುವುದಿಲ್ಲ. ಪಂಪ್ ಸ್ಟಾರ್ಟರ್ ಪೆಟ್ಟಿಗೆಗಳಿಗೂ ಅದನ್ನೇ ಹಚ್ಚುತ್ತಿದ್ದೇನೆ. ಜೆಲ್ಲಿ ಸಾಕು, ಆದರೆ ಬಿಗಿದ ಮೇಲೆ ಹಚ್ಚಿ. ವರ್ಷಕ್ಕೊಮ್ಮೆ ಮಳೆಗೆ ಮೊದಲು ಒರೆಸಿ ಮತ್ತೆ ಹಚ್ಚಿ.

ಆಮೇಲೆ ಎರಡು ಕಾರು ಇದೇ ದೂರು ಹೊತ್ತು ಬಂದವು. ಒಂದು ಕಾರವಾರದ್ದು, ಮನೆ ಮೀನು ಬಂದರಿನ ಪಕ್ಕ. ಅರ್ತ್ ಕಡೆ 2.4 ವೋಲ್ಟ್ ನಷ್ಟ, ಬಿಚ್ಚಿದರೆ ಅದೇ ಹಸಿರು. ಒಂದು ಗಂಟೆಯ ಕೆಲಸ. ಇನ್ನೊಂದು ಶಿರಸಿಯದ್ದು, ಅದರಲ್ಲಿ ಲೋಡ್ ಇದ್ದಾಗಲೂ ಫ್ಯಾನಿನಲ್ಲಿ 13.1 ಇತ್ತು. ಆದರೂ ಪೇಪರ್ ಜಾರಿ ಬೀಳುತ್ತಿತ್ತು. ಮೋಟರ್ ಬಿಚ್ಚಿದೆವು, ಕಾರ್ಬನ್ ಬ್ರಷ್ ಉಗುರಿನಷ್ಟು ಉಳಿದಿತ್ತು. ಆ ಗಾಡಿಗೆ ಮೋಟರೇ ಬದಲಿಸಿದೆವು, 2,400 ಆಯಿತು. ವೈರ್ ಬಣ್ಣ ಎರಡು ಸಲ ನೋಡಿ ಜೋಡಿಸಿದೆ.